ರಿಪೋರ್ಟ್‌ನಲ್ಲಿ 'ಎಚ್‌ಪಿವಿ ಪಾಸಿಟಿವ್' ಅಂತ ಬಂದ್ರೆ ಅದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಲ್ಲ

ಭಾಗ 1/9 👇

ಮೊದಲೇ ಹೇಳ್ಬಿಡ್ತೀನಿ, ಈ ಸಲದ ಸೀರೀಸ್ ಶಿಶ್ನದ ಕ್ಯಾನ್ಸರ್ ಬಗ್ಗೆ. ನಗೋರು ಈಗ್ಲೇ ನಕ್ಕು ಮುಗಿಸ್ಕೊಳ್ಳಿ. ಆಮೇಲೆ ಒಂಬತ್ತೂ ಭಾಗ ಓದಿ.

ನಮ್ಮ ತೊಂದರೆ ಪದದಿಂದಲೇ ಶುರುವಾಗುತ್ತೆ. 'ಶಿಶ್ನ' ಅನ್ನೋ ಪದವನ್ನ ನಾವು ನೋಡಿದ್ದು ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ. ಆ ಪಾಠ ಬಂದಾಗ ಎಷ್ಟೋ ಕಡೆ ಮೇಷ್ಟ್ರು 'ಇದನ್ನ ಮನೇಲಿ ಓದ್ಕೊಳ್ಳಿ' ಅಂತ ಮುಂದೆ ಹೋಗ್ಬಿಡ್ತಾರೆ. ಆಡುಮಾತಲ್ಲಿ ಇರೋ ಪದಗಳೆಲ್ಲ ಬೈಗುಳ. ಅಂದ್ರೆ ಅಲ್ಲಿ ಏನಾದ್ರೂ ಆದ್ರೆ ಅಪ್ಪನ ಹತ್ರ, ಅಣ್ಣನ ಹತ್ರ, ಡಾಕ್ಟ್ರ ಹತ್ರ ಹೇಳೋಕೆ ಮರ್ಯಾದಸ್ಥ ಪದವೇ ನಮ್ಮ ಬಾಯಿಗೆ ಬರಲ್ಲ. 'ಸರ್, ಸ್ವಲ್ಪ ಅಲ್ಲಿ ಪ್ರಾಬ್ಲಂ' ಅಂತ ಶುರು ಮಾಡ್ತೀವಿ, ಮುಂದಿನ ವಾಕ್ಯ ಗಂಟಲಲ್ಲೇ ನಿಲ್ಲುತ್ತೆ.

ಈ ಕಾಯಿಲೆ ಅಪರೂಪದ್ದು, ನಿಜ. 2020ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 36,000 ಹೊಸ ಕೇಸು. ಆದ್ರೆ ಅದ್ರಲ್ಲಿ 10,000ಕ್ಕಿಂತ ಹೆಚ್ಚು ಭಾರತದ್ದೇ. ಅಂದ್ರೆ ಕಾಲು ಭಾಗಕ್ಕಿಂತ ಜಾಸ್ತಿ. ಅದೇ ವರ್ಷ ನಮ್ಮ ದೇಶದಲ್ಲಿ ಇದ್ರಿಂದ ಸತ್ತವರು 4,500ಕ್ಕೂ ಹೆಚ್ಚು. 'ಅದು ಫಾರಿನ್ ಕಾಯಿಲೆ' ಅನ್ನೋ ಮಾತಿಗೆ ಇಲ್ಲಿ ಜಾಗ ಇಲ್ಲ.

ಬಿಕಾಂ ಓದೋನು ಕ್ಯಾನ್ಸರ್ ಬಗ್ಗೆ ಯಾಕೆ ಬರೀತಾನೆ ಅಂತ ಕೇಳ್ಬಹುದು. ಚಿಕಿತ್ಸೆ ಹೇಳೋಕೆ ನಾನು ಡಾಕ್ಟ್ರಲ್ಲ, ಹೇಳೋದೂ ಇಲ್ಲ. ನಾನು ಹೇಳೋಕೆ ಹೊರಟಿರೋದು ಇಷ್ಟು: ಈ ಕ್ಯಾನ್ಸರ್‌ನ ಜೊತೆ 'ಎಚ್‌ಪಿವಿ' ಅನ್ನೋ ವೈರಸ್ ಹೆಸರು ಬಂದ ಕೂಡ್ಲೇ ನಾವು ಮನುಷ್ಯನ ನಡತೆ ಬಗ್ಗೆ ತೀರ್ಪು ಕೊಡ್ತೀವಿ. ಆ ತೀರ್ಪಿನ ಭಯಕ್ಕೆ ಜನ ತಡವಾಗಿ ಆಸ್ಪತ್ರೆಗೆ ಹೋಗ್ತಾರೆ. ಆ ತಡವೇ ಪ್ರಾಣ ತೆಗೀತಿದೆ.

———

ಭಾಗ 2/9 — ಎಚ್‌ಪಿವಿ ಅಂದ್ರೆ ಏನು?

ಪೂರ್ತಿ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದು ಒಂದೇ ವೈರಸ್ ಅಲ್ಲ, ದೊಡ್ಡ ಕುಟುಂಬ. 200ಕ್ಕಿಂತ ಹೆಚ್ಚು ಬಗೆಗಳಿವೆ, ಒಂದೊಂದಕ್ಕೂ ಒಂದೊಂದು ನಂಬರ್. ಕೈಕಾಲಿನ ಮೇಲೆ ಬರೋ ನರಹುಲಿ ಇದೆಯಲ್ಲ, ಅದೂ ಇದೇ ಕುಟುಂಬದ ಕೆಲಸ. ಚಿಕ್ಕವರಿದ್ದಾಗ ಕೈಮೇಲೆ ನರಹುಲಿ ಎದ್ದಿದ್ರೆ ನೀವು ಆಗ್ಲೇ ಒಂದು ಎಚ್‌ಪಿವಿ ನೋಡಿದ್ದೀರಿ ಅಂತ ಅರ್ಥ.

ಜನನಾಂಗದ ಚರ್ಮಕ್ಕೆ ಅಂಟೋ ಬಗೆಗಳು ಬೇರೆ. ಅವುಗಳಲ್ಲಿ ಕೆಲವನ್ನ 'ಹೈ ರಿಸ್ಕ್' ಅಂತಾರೆ. 16 ಮತ್ತು 18 ನಂಬರಿನವು ಎಲ್ಲಕ್ಕಿಂತ ಕುಖ್ಯಾತ. ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಇವೇ ಅಂತ ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಇನ್ನು ಎಲ್ಲರೂ ಪಿಸುಗುಡೋ ಪ್ರಶ್ನೆ: ಇದು ಯಾರಿಗೆ ಬರುತ್ತೆ?

ಉತ್ತರ: ಬಹುತೇಕ ಎಲ್ಲರಿಗೂ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಪ್ರಕಾರ ಜಗತ್ತಿನಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಜನನಾಂಗದ ಯಾವುದಾದ್ರೂ ಒಂದು ಎಚ್‌ಪಿವಿ ಇರುತ್ತೆ, 5ರಲ್ಲಿ ಒಬ್ಬರಿಗೆ ಹೈ ರಿಸ್ಕ್ ಬಗೆಯೇ ಇರುತ್ತೆ. ಇದು ಚರ್ಮಕ್ಕೆ ಚರ್ಮ ತಾಗಿ ಹರಡುತ್ತೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತೆ, ಪೂರ್ತಿ ತಡೆಯಲ್ಲ. ಯಾಕಂದ್ರೆ ಅದು ಮುಚ್ಚದ ಜಾಗದ ಚರ್ಮದಲ್ಲೂ ವೈರಸ್ ಇರಬಹುದು. ಜೀವನದಲ್ಲಿ ಒಬ್ಬರೇ ಸಂಗಾತಿ ಇದ್ರೂ ಬರಬಹುದು. ಮದುವೆಯಾದವರಿಗೂ ಬರುತ್ತೆ.

ಸಮಾಧಾನದ ಸಂಗತಿ ಏನಂದ್ರೆ, ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನೇ ಅದನ್ನ ಹೊರಹಾಕುತ್ತೆ. ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಕೆಲವರಲ್ಲಿ ಮಾತ್ರ ಅದು ಉಳ್ಕೊಳ್ಳುತ್ತೆ. ಹಾಗೆ ಉಳಿದವರಲ್ಲೂ ಕೆಲವೇ ಕೆಲವರಿಗೆ, ಎಷ್ಟೋ ವರ್ಷ ಆದ್ಮೇಲೆ, ಕ್ಯಾನ್ಸರ್ ಆಗುತ್ತೆ. ವೈರಸ್ ಬಂತು ಅಂದ್ರೆ ಕ್ಯಾನ್ಸರ್ ಬಂತು ಅಂತ ಅಲ್ಲವೇ ಅಲ್ಲ.

———

ಭಾಗ 3/9 — ಒಂದೇ ಕಾಯಿಲೆ, ಎರಡು ದಾರಿ

ಶಿಶ್ನದ ಕ್ಯಾನ್ಸರ್ ಆದವರೆಲ್ಲರಲ್ಲೂ ಎಚ್‌ಪಿವಿ ಇರುತ್ತಾ? ಇಲ್ಲ. 2019ರಲ್ಲಿ ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಮಾತ್ರ ಎಚ್‌ಪಿವಿ ಸಿಕ್ತು. ಸಿಕ್ಕಿದ್ದರಲ್ಲಿ ದೊಡ್ಡ ಪಾಲು 16ನೇ ನಂಬರಿನದು. ಉಳಿದರ್ಧಕ್ಕೂ ವೈರಸ್‌ಗೂ ಸಂಬಂಧ ಇಲ್ಲ.

ಆ ಉಳಿದರ್ಧ ಹೇಗೆ ಬರುತ್ತೆ? ಮುಂದೊಗಲು ತುಂಬಾ ಬಿಗಿಯಾಗಿದ್ದು ಹಿಂದಕ್ಕೆ ಸರಿಯದೇ ಇರೋದು (ಡಾಕ್ಟ್ರು ಇದನ್ನ ಫೈಮೋಸಿಸ್ ಅಂತಾರೆ), ಅದ್ರಿಂದ ಒಳಗೆ ಸ್ವಚ್ಛ ಮಾಡೋಕಾಗದೆ ವರ್ಷಗಟ್ಟಲೆ ಉರಿಯೂತ ಆಗೋದು, ಕೆಲವು ದೀರ್ಘಕಾಲದ ಚರ್ಮದ ತೊಂದರೆಗಳು, ಜೊತೆಗೆ ತಂಬಾಕು. ಹೌದು, ತಂಬಾಕು. ಸಿಗರೇಟಷ್ಟೇ ಅಲ್ಲ, ಜಗಿಯೋ ತಂಬಾಕಿಗೂ ಇದಕ್ಕೂ ನಂಟಿದೆ ಅಂತ 1995ರಲ್ಲೇ ಚೆನ್ನೈನ ಅಧ್ಯಯನ ಒಂದು ತೋರಿಸಿತ್ತು. ಬಾಯಿಗೆ ಹಾಕ್ಕೊಂಡಿದ್ದು ಬಾಯಲ್ಲೇ ಮುಗಿಯುತ್ತೆ ಅಂತ ಯಾರೂ ಅಂದ್ಕೋಬೇಡಿ. ಅದ್ರ ವಿಷ ರಕ್ತದ ಜೊತೆ ಇಡೀ ಮೈ ಸುತ್ತುತ್ತೆ.

ವೈರಸ್‌ನ ದಾರಿ ಬೇರೆ. ನಮ್ಮ ಜೀವಕೋಶಗಳಲ್ಲಿ ಬೆಳವಣಿಗೆಗೆ ಬ್ರೇಕ್ ಹಾಕೋ ಪ್ರೋಟೀನುಗಳಿವೆ. ಪಿ53, ಆರ್‌ಬಿ ಅಂತ ಅವುಗಳ ಹೆಸರು. ಹೈ ರಿಸ್ಕ್ ಎಚ್‌ಪಿವಿ ತನ್ನ ಇ6, ಇ7 ಅನ್ನೋ ಎರಡು ಪ್ರೋಟೀನುಗಳಿಂದ ಈ ಎರಡೂ ಬ್ರೇಕ್ ಕೆಲಸ ಮಾಡದ ಹಾಗೆ ಮಾಡುತ್ತೆ. ಆಗ ಕೋಶ ಲಂಗುಲಗಾಮಿಲ್ಲದೆ ಬೆಳೆಯುತ್ತೆ. ಆರ್‌ಬಿ ಕೈಕೊಟ್ಟಾಗ ಪಿ16 ಅನ್ನೋ ಇನ್ನೊಂದು ಪ್ರೋಟೀನು ಕೋಶದಲ್ಲಿ ತುಂಬ್ಕೊಳ್ಳುತ್ತೆ. ಅದಕ್ಕೇ ಲ್ಯಾಬಿನವರು ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಪಿ16 ಇದೆಯಾ ಅಂತ ನೋಡ್ತಾರೆ. ಇದ್ರೆ, ಇದು ವೈರಸ್‌ನಿಂದ ಹುಟ್ಟಿದ ಗಡ್ಡೆ ಇರಬಹುದು ಅಂತ ಗುರುತು.

ಎರಡೂ ಕಡೆ ಕ್ಯಾನ್ಸರ್ ಅಂತಲೇ ಹೆಸರು. ಆದ್ರೆ ಸ್ವಭಾವ ಬೇರೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ತನ್ನ 2016ರ ವರ್ಗೀಕರಣದಿಂದ ಇವುಗಳನ್ನ ಎಚ್‌ಪಿವಿ ಸಂಬಂಧ ಇರೋದು, ಇಲ್ಲದ್ದು ಅಂತ ಎರಡು ಗುಂಪು ಮಾಡಿದೆ.

———

ಭಾಗ 4/9 — ಯಾರೂ ನಿರೀಕ್ಷೆ ಮಾಡದ ಲೆಕ್ಕ

ಈಗ ಒಂದು ಪ್ರಶ್ನೆ. ಇಬ್ಬರು ರೋಗಿಗಳಿದ್ದಾರೆ. ಒಬ್ಬರ ರಿಪೋರ್ಟ್ ಎಚ್‌ಪಿವಿ ಪಾಸಿಟಿವ್, ಇನ್ನೊಬ್ಬರದು ನೆಗೆಟಿವ್. ಯಾರು ಬದುಕುಳಿಯೋ ಸಾಧ್ಯತೆ ಹೆಚ್ಚು?

ನಮ್ಮ ಕ್ಲಾಸಲ್ಲಿ ಕೇಳಿದ್ರೆ ಹತ್ತಕ್ಕೆ ಒಂಬತ್ತು ಜನ 'ನೆಗೆಟಿವ್' ಅಂತಾರೆ. ಪಾಸಿಟಿವ್ ಅಂದ್ರೆ ಕೆಟ್ಟದ್ದು ಅಂತ ಕೋವಿಡ್ ಕಾಲದಿಂದ ನಮ್ಮ ತಲೇಲಿ ಕೂತ್ಬಿಟ್ಟಿದೆ.

ನೆದರ್ಲೆಂಡ್ಸ್‌ನಲ್ಲಿ 171 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಹೈ ರಿಸ್ಕ್ ಎಚ್‌ಪಿವಿ ಇದ್ದವರಲ್ಲಿ 5 ವರ್ಷದ ನಂತರ ಈ ಕ್ಯಾನ್ಸರ್‌ಗೆ ಬಲಿಯಾಗದೆ ಉಳಿದವರು 93%. ಇಲ್ಲದವರಲ್ಲಿ 78%. ಅಲ್ಲೇ ಮುಂದೆ 212 ರೋಗಿಗಳನ್ನ ನೋಡಿದ್ರು, ಅದು 2015ರಲ್ಲಿ ಬಂತು. ಅಲ್ಲೂ ಅದೇ ಕತೆ: 96% ಮತ್ತು 82%. ಅಂದ್ರೆ ಎಚ್‌ಪಿವಿ ಪಾಸಿಟಿವ್ ಇದ್ದವರ ಗತಿಯೇ ಸ್ವಲ್ಪ ಉತ್ತಮ.

ಯಾಕಿರಬಹುದು? ಗಂಟಲಿನ ಕ್ಯಾನ್ಸರ್‌ನಲ್ಲೂ ಎಚ್‌ಪಿವಿ ಇದ್ದ ಗಡ್ಡೆಗಳು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ ಅನ್ನೋದು ಮೊದಲಿಂದ ಗೊತ್ತು. ವಿಜ್ಞಾನಿಗಳ ಊಹೆ ಹೀಗಿದೆ: ವೈರಸ್ ಪಿ53 ಅನ್ನೋ ಬ್ರೇಕನ್ನ ತಡೆದು ಹಿಡಿದಿರುತ್ತೆ, ಆದ್ರೆ ಅದರ ಮೂಲ ಜೀನ್ ಸಾಮಾನ್ಯವಾಗಿ ಕೆಟ್ಟಿರಲ್ಲ. ತಂಬಾಕು, ಉರಿಯೂತದ ದಾರೀಲಿ ಬಂದ ಕ್ಯಾನ್ಸರ್‌ನಲ್ಲಿ ಜೀನೇ ಕೆಟ್ಟಿರೋದು ಹೆಚ್ಚು. ಜೊತೆಗೆ ವೈರಸ್‌ನ ಪ್ರೋಟೀನು ಹೊರಗಿನದ್ದಾದ್ರಿಂದ ನಮ್ಮ ರೋಗನಿರೋಧಕ ಶಕ್ತಿ ಅದನ್ನ ಬೇಗ ಗುರುತಿಸಬಹುದು.

ಆದ್ರೆ ಇಲ್ಲಿ ನಿಲ್ಲಿ. ಅಕೌಂಟ್ಸ್ ಓದೋ ನಮಗೆ ಒಂದೇ ಎಂಟ್ರಿ ನೋಡಿ ಕಂಪನಿ ಲಾಭದಲ್ಲಿದೆ ಅನ್ನಬಾರದು ಅಂತ ಗೊತ್ತಿರ್ಬೇಕು. ಬ್ರೆಜಿಲ್‌ನಲ್ಲಿ 82 ರೋಗಿಗಳ ಮೇಲೆ ನಡೆದು 2001ರಲ್ಲಿ ಬಂದ ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಕಾಯಿಲೆ ಅಪರೂಪದ್ದಾದ್ರಿಂದ ಎಲ್ಲ ಅಧ್ಯಯನಗಳೂ ಚಿಕ್ಕವೇ, ಹಳೇ ಕೇಸ್ ಫೈಲ್ ತೆಗೆದು ನೋಡಿದ್ದೇ ಹೆಚ್ಚು. ಪಾಸಿಟಿವ್ ಬಂತು ಅಂತ ಯಾರೂ ನಿರಾಳ ಆಗಬೇಕಿಲ್ಲ, ಚಿಕಿತ್ಸೆ ಕಡಿಮೆ ಮಾಡ್ಕೋಬೇಕಂತಲೂ ಅಲ್ಲ. ನಾನು ಹೇಳೋದು ಇಷ್ಟೇ: ಊರವರು ಯಾವ ಪದ ಕೇಳಿ ಮೂಗು ಮುರೀತಾರೋ, ಡಾಕ್ಟ್ರಿಗೆ ಆ ಪದ ರೋಗಿಯ ಬಗ್ಗೆ ಒಂದು ಉಪಯುಕ್ತ ಮಾಹಿತಿ. ಕೆಟ್ಟ ಸುದ್ದಿ ಅಂತೂ ಅಲ್ಲ.

———

ಭಾಗ 5/9 — ಹಾಗಾದ್ರೆ ಬದುಕು ಸಾವು ತೀರ್ಮಾನ ಮಾಡೋದು ಯಾವುದು?

ತೊಡೆಸಂದಿನ ಗಂಟುಗಳು.

ತೊಡೆಸಂದಿನಲ್ಲಿ ದುಗ್ಧಗ್ರಂಥಿಗಳಿವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಅಲ್ಲಿ ಗಂಟು ಕಟ್ಟಿ ನೋಯೋದು ಹಳ್ಳಿ ಕಡೆಯವರಿಗೆಲ್ಲ ಗೊತ್ತು. ಶಿಶ್ನದ ಕ್ಯಾನ್ಸರ್ ಹರಡೋಕೆ ಶುರುವಾದ್ರೆ ಮೊದಲು ತಲುಪೋ ಸ್ಟೇಷನ್ ಅದೇ. ಅಲ್ಲಿಗೆ ತಲುಪೋ ಮೊದಲೇ ಸಿಕ್ಕಿಬಿದ್ರೆ ಬಹುಪಾಲು ಜನ ಗುಣ ಆಗ್ತಾರೆ. ಅಲ್ಲಿಂದ ಸೊಂಟದೊಳಗಿನ ಗ್ರಂಥಿಗಳಿಗೆ ಹೋದ್ರೆ ಬದುಕುವ ಸಾಧ್ಯತೆ ತೀರಾ ಇಳಿಯುತ್ತೆ. ವೈರಸ್ ಇತ್ತಾ ಇಲ್ವಾ ಅನ್ನೋದಕ್ಕಿಂತ, ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಅನ್ನೋದೇ ದೊಡ್ಡ ಪ್ರಶ್ನೆ.

ಚಿಕಿತ್ಸೆಯೂ ಅದರ ಮೇಲೇ ನಿಂತಿದೆ. ಬೇಗ ಬಂದವರಿಗೆ ಲೇಸರ್, ಅಥವಾ ಮುಂದೊಗಲು ತೆಗೆಯೋದು, ಅಥವಾ ಕೆಟ್ಟ ಭಾಗವನ್ನಷ್ಟೇ ಕತ್ತರಿಸೋದು. ಅಂಗ ಉಳಿಯುತ್ತೆ. ತಡವಾಗಿ ಬಂದವರಿಗೆ ಅರ್ಧ ಅಥವಾ ಪೂರ್ತಿ ಅಂಗವೇ ಹೋಗುತ್ತೆ. ಜೊತೆಗೆ ತೊಡೆಸಂದಿನ ದೊಡ್ಡ ಆಪರೇಷನ್, ಕೀಮೋ, ರೇಡಿಯೇಷನ್.

ನಮ್ಮೂರಲ್ಲಿ ಒಬ್ಬರಿದ್ರು. ಐವತ್ತು ದಾಟಿದವರು, ಅಡಿಕೆ ಸುಲಿಯೋ ಕಾಲದಲ್ಲಿ ಎಲ್ಲರ ಮನೆಗೂ ಬರ್ತಿದ್ದವರು. ಅವರಿಗೆ ಅಲ್ಲಿ ಒಂದು ಹುಣ್ಣಾಗಿ ವರ್ಷ ಕಳೆದಿತ್ತಂತೆ. ನೋವಿರಲಿಲ್ಲ, ಅದಕ್ಕೇ ಬಿಟ್ಟಿದ್ರು. ಮೆಡಿಕಲ್ ಶಾಪಲ್ಲಿ ಟ್ಯೂಬ್ ತಂದು ಹಚ್ಚಿದ್ರು, ನಾಟಿ ಔಷಧಿ ಕಟ್ಟಿದ್ರು. ಹೆಂಡತಿಗೂ ಹೇಳಿರಲಿಲ್ಲ. ತೊಡೆಸಂದಿನಲ್ಲಿ ಗಡ್ಡೆ ಒಡೆದು ವಾಸನೆ ಬರೋಕೆ ಶುರುವಾದ್ಮೇಲೆ ಮಗ ಬೆಂಗಳೂರಿಗೆ ಕರ್ಕೊಂಡು ಹೋದ. ಆರು ತಿಂಗಳೂ ಉಳೀಲಿಲ್ಲ.

ಸಾವಿನ ಮನೇಲಿ ಏನಾಗಿತ್ತು ಅಂತ ಕೇಳಿದವರಿಗೆಲ್ಲ 'ಹೊಟ್ಟೆ ಕ್ಯಾನ್ಸರ್' ಅಂತ ಹೇಳಿದ್ರು. ಮನೆಯವರ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ಸುಳ್ಳಿನಿಂದ ಏನಾಯ್ತು ಗೊತ್ತಾ? ಆ ಮನೆಗೆ ಬಂದ ಇನ್ನೂರು ಗಂಡಸರಲ್ಲಿ ಯಾರಿಗಾದ್ರೂ ಅಂಥದ್ದೇ ನೋವಿಲ್ಲದ ಹುಣ್ಣು ಇದ್ದಿದ್ರೆ, ಅವನಿಗೆ ಸಿಗಬೇಕಿದ್ದ ಎಚ್ಚರಿಕೆ ಸಿಗಲಿಲ್ಲ. ಅವನೂ ಟ್ಯೂಬ್ ಹಚ್ಚುತ್ತಲೇ ಇರ್ತಾನೆ.

———

ಭಾಗ 6/9 — 'ಎಲ್ಲಿಗೆ ಹೋಗಿದ್ದ?'

ಎಚ್‌ಪಿವಿ ಅಂದ ತಕ್ಷಣ ಮನೇಲಿ, ಊರಲ್ಲಿ ಮೊದಲು ಬರೋ ಪ್ರಶ್ನೆ ಇದು. ಗಂಡನಿಗೆ ಬಂದ್ರೆ ಹೆಂಡತಿ ಕೇಳ್ತಾಳೆ. ಹೆಂಡತಿಗೆ ಬಂದ್ರಂತೂ ಕೇಳೋದೇ ಬೇಡ, ಇಡೀ ಗಂಡನ ಮನೆಯೇ ನ್ಯಾಯಾಧೀಶರಾಗುತ್ತೆ.

ಈ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವೇ ಇಲ್ಲ. ಯಾಕಂದ್ರೆ ಈ ವೈರಸ್ ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳೋ ಟೆಸ್ಟ್ ಇಲ್ಲ. ಹತ್ತು, ಇಪ್ಪತ್ತು ವರ್ಷ ಸುಮ್ಮನೆ ಕೂತು ಆಮೇಲೆ ಕಾಣಿಸ್ಕೋಬಹುದು. ಇವತ್ತಿನ ರಿಪೋರ್ಟ್ ನೋಡಿ ನಿನ್ನೆ ಮೋಸ ಆಗಿದೆ ಅನ್ನೋದು, ಈ ವರ್ಷದ ಬ್ಯಾಲೆನ್ಸ್ ಶೀಟ್‌ನಲ್ಲಿರೋ ಸಾಲ ನೋಡಿ ಅದನ್ನ ಈ ವರ್ಷವೇ ತಗೊಂಡಿದ್ದು ಅಂದ ಹಾಗೆ. ಓಪನಿಂಗ್ ಬ್ಯಾಲೆನ್ಸ್ ಅಂತ ಒಂದಿರುತ್ತಲ್ಲ!

ಇನ್ನೊಂದು ಮಾತು ಹುಡುಗರಿಗೆ. ನಾವು ಗ್ರೂಪಲ್ಲಿ ಮೀಮ್ ಹಾಕ್ತೀವಿ. ಯಾರೋ ಜನನಾಂಗದ ತುರಿಕೆಗೆ ಕ್ರೀಮ್ ಕೊಂಡ ಅಂದ್ರೆ ಮೂರು ಸೆಮಿಸ್ಟರ್ ಅವನಿಗೆ ಅದೇ ಅಡ್ಡಹೆಸರು. ತಮಾಷೆ ಅಂತಲೇ ಎಲ್ಲರೂ ನಗೋದು. ಆದ್ರೆ ಅದನ್ನ ನೋಡ್ತಾ ಮೂಲೇಲಿ ಕೂತ ಒಬ್ಬ ಹುಡುಗ ಒಂದು ವಿಷಯ ಕಲೀತಾನೆ: 'ನನಗೇನಾದ್ರೂ ಆದ್ರೆ ಇವರಿಗೆ ಗೊತ್ತಾಗಬಾರದು'. ಆ ಪಾಠ ಅವನ ಜೊತೆ ಐವತ್ತನೇ ವಯಸ್ಸಿನವರೆಗೂ ಬರುತ್ತೆ. ನಮ್ಮೂರಿನ ಆ ಹಿರಿಯರಿಗೂ ಇಪ್ಪತ್ತು ವಯಸ್ಸಿತ್ತು ಒಂದು ಕಾಲದಲ್ಲಿ. ಅವರ ಗೆಳೆಯರೂ ಹೀಗೇ ನಕ್ಕಿರಬಹುದು.

ಹೆಂಡತಿ ಬಗ್ಗೆ ಒಂದು ಮಾತು ಸೇರಿಸ್ಬೇಕು. ಗಂಡನಿಗೆ ಎಚ್‌ಪಿವಿ ಕಾಯಿಲೆ ಅಂತ ಗೊತ್ತಾದ್ರೆ ಜಗಳ ಆಡೋ ಬದಲು ಅವಳನ್ನ ಗರ್ಭಕಂಠದ ತಪಾಸಣೆಗೆ ಕರ್ಕೊಂಡು ಹೋಗಿ. ಮೂವತ್ತು ದಾಟಿದ ಹೆಂಗಸರಿಗೆ ಈ ತಪಾಸಣೆ ಹೇಗೂ ಆಗಬೇಕು, ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಎಷ್ಟು ಜನ ಅಮ್ಮಂದಿರು ಮಾಡಿಸ್ಕೊಂಡಿದ್ದಾರೆ? ಈ ಭಾನುವಾರ ಮನೇಲಿ ಕೇಳಿ ನೋಡಿ.

———

ಭಾಗ 7/9 — ಸೇವ್ ಮಾಡ್ಕೊಳ್ಳಿ 📌

ಹೆದರಿಸೋಕಲ್ಲ, ಗೊತ್ತಿರಲಿ ಅಂತ. ಈ ಕ್ಯಾನ್ಸರ್ ನಮ್ಮ ವಯಸ್ಸಲ್ಲಿ ತುಂಬಾ ಅಪರೂಪ, ನಡುವಯಸ್ಸು ದಾಟಿದವರಲ್ಲೇ ಹೆಚ್ಚು. ಆದ್ರೆ ನಿಮಗೆ ಅಪ್ಪ ಇದ್ದಾರೆ, ದೊಡ್ಡಪ್ಪ, ಮಾವ ಇದ್ದಾರೆ.

ಡಾಕ್ಟ್ರಿಗೆ ತೋರಿಸಬೇಕಾದ್ದು:
▪️ ಎರಡು ಮೂರು ವಾರವಾದ್ರೂ ಮಾಯದ ಹುಣ್ಣು, ಗಾಯ. ನೋವಿಲ್ಲ ಅಂತ ಬಿಡಬೇಡಿ, ನೋವಿಲ್ಲದೇ ಇರೋದೇ ಇದರ ಮೋಸ
▪️ ತುದಿಯಲ್ಲಿ ಅಥವಾ ಮುಂದೊಗಲಿನ ಒಳಗೆ ಗಂಟು, ಕೆಂಪು ಮಚ್ಚೆ, ಚರ್ಮ ದಪ್ಪ ಆಗೋದು
▪️ ಮುಂದೊಗಲಿನ ಒಳಗಿಂದ ರಕ್ತ, ಕೆಟ್ಟ ವಾಸನೆಯ ಸ್ರಾವ
▪️ ಮೊದಲು ಸರಿಯುತ್ತಿದ್ದ ಮುಂದೊಗಲು ಈಗ ಸರಿಯದೇ ಇರೋದು
▪️ ತೊಡೆಸಂದಿನಲ್ಲಿ ಕರಗದ ಗಂಟು

ಹೆದರಬೇಕಿಲ್ಲದ್ದು: ತುದಿಯ ಅಂಚಿನಲ್ಲಿ ಒಂದೇ ಥರ ಸಾಲಾಗಿ ಇರೋ ಸಣ್ಣ ಸಣ್ಣ ಗುಳ್ಳೆ. ಎಷ್ಟೋ ಹುಡುಗರಿಗೆ ಸಹಜವಾಗಿಯೇ ಇರುತ್ತೆ. ಗೂಗಲ್ ಮಾಡಿ ರಾತ್ರಿಯೆಲ್ಲ ನಿದ್ದೆಗೆಡಬೇಡಿ, ಅನುಮಾನ ಇದ್ರೆ ಒಂದು ಸಲ ತೋರಿಸಿ ನಿಶ್ಚಿಂತೆಯಾಗಿರಿ.

ಯಾರಿಗೆ ತೋರಿಸೋದು? ಯೂರಾಲಜಿಸ್ಟ್, ಚರ್ಮರೋಗದ ಡಾಕ್ಟ್ರು, ಅಥವಾ ಸರ್ಜನ್. ಜಿಲ್ಲಾಸ್ಪತ್ರೆಯಲ್ಲಿ ಒಪಿಡಿ ಚೀಟಿ ಮಾಡಿಸೋವಾಗ ಕೌಂಟರ್‌ನಲ್ಲಿ ಇಡೀ ಕತೆ ಹೇಳಬೇಕಿಲ್ಲ, 'ಸರ್ಜರಿ' ಅಥವಾ 'ಚರ್ಮ' ಅಂದ್ರೆ ಸಾಕು. ಒಳಗೆ ಹೋಗಿ ಡಾಕ್ಟ್ರಿಗೆ ನೇರವಾಗಿ ಹೇಳಿ: 'ಶಿಶ್ನದ ಮೇಲೆ ಹುಣ್ಣಾಗಿದೆ, ಇಷ್ಟು ದಿನ ಆಯ್ತು'. ಒಂದು ಸಲ ಬಾಯಿಬಿಟ್ಟು ಓದಿ ಈ ವಾಕ್ಯವನ್ನ. ಅಷ್ಟೇನೂ ಕಷ್ಟ ಇಲ್ಲ ಅಲ್ವಾ?

ಬಯಾಪ್ಸಿ ಅಂದ್ರೆ ಒಂದು ಚೂರು ತೆಗೆದು ಪರೀಕ್ಷೆ ಮಾಡೋದು. ಅದ್ರಿಂದ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ನಂಬಿ ಯಾರೂ ಓಡಿ ಬರಬೇಡಿ. ರಿಪೋರ್ಟ್ ಬಂದಾಗ ಪಿ16 ನೋಡಿದ್ದಾರಾ ಅಂತ ಕೇಳಬಹುದು.

ದುಡ್ಡಿನ ಚಿಂತೆ ಇದ್ರೆ: ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಸಂಸ್ಥೆ. ಬಿಪಿಎಲ್ ಕಾರ್ಡ್ ಇರೋ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಕಾರ್ಡ್ ಮೊದಲೇ ಮಾಡಿಸಿಡಿ.

———

ಭಾಗ 8/9 — 'ಅದು ಹುಡುಗೀರ ಇಂಜೆಕ್ಷನ್ ಅಲ್ವಾ?'

ಹೋದ ತಿಂಗಳು ಒಂದು ಕ್ಲಿನಿಕ್‌ಗೆ ಫೋನ್ ಮಾಡಿ ಎಚ್‌ಪಿವಿ ಲಸಿಕೆ ಇದೆಯಾ ಅಂತ ಕೇಳಿದೆ. 'ತಂಗಿಗಾ?' ಅಂದ್ರು. ನನಗೆ ಅಂದೆ. ಆ ಕಡೆ ಒಂದು ಕ್ಷಣ ಮೌನ, ಆಮೇಲೆ ನಗು, 'ಅದು ಹುಡುಗೀರಿಗೆ ಕಣಪ್ಪಾ' ಅಂತ ಫೋನ್ ಇಟ್ರು.

ಅಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮಾಡಿರೋ ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದ್ದು ಗಂಡು ಹೆಣ್ಣು ಇಬ್ಬರಿಗೂ, 9ರಿಂದ 26 ವಯಸ್ಸಿನವರಿಗೆ. 14ರವರೆಗೆ 2 ಡೋಸ್, 15ರಿಂದ 26ರವರೆಗೆ 3 ಡೋಸ್. ಇದು 6, 11, 16, 18 ಈ ನಾಲ್ಕು ಬಗೆಯ ಎಚ್‌ಪಿವಿ ತಡೆಯೋಕೆ. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ಹೆಚ್ಚಿನವರು ಇನ್ನೂ ಆ ವಯಸ್ಸಿನ ಒಳಗೇ ಇದ್ದೀರಿ.

ಬೇರೆ ದೇಶಗಳಲ್ಲಿ ಇದು ಹೊಸದೇನಲ್ಲ. ಆಸ್ಟ್ರೇಲಿಯಾ 2013ರಿಂದ ಶಾಲೆಯಲ್ಲೇ ಹುಡುಗರಿಗೂ ಹಾಕ್ತಿದೆ. ಇಂಗ್ಲೆಂಡ್‌ನಲ್ಲಿ 2019ರಿಂದ 12–13ರ ಹುಡುಗರಿಗೂ ಸಿಗ್ತಿದೆ.

ಇದು ಕೆಲಸ ಮಾಡುತ್ತಾ? 16ರಿಂದ 26 ವಯಸ್ಸಿನ ಸುಮಾರು 4,000 ಗಂಡಸರ ಮೇಲೆ ನಡೆದ ಟ್ರಯಲ್ 2011ರಲ್ಲಿ ಪ್ರಕಟವಾಯ್ತು. ಮೊದಲು ಸೋಂಕಿಲ್ಲದೆ ಎಲ್ಲ ಡೋಸ್ ತಗೊಂಡವರಲ್ಲಿ, ಲಸಿಕೆಯಲ್ಲಿರೋ ಬಗೆಗಳಿಂದ ಜನನಾಂಗದ ಮೇಲಾಗುವ ನರಹುಲಿ ಮತ್ತಿತರ ತೊಂದರೆಗಳು ಸುಮಾರು 90% ಕಡಿಮೆಯಾದವು. ಕ್ಯಾನ್ಸರ್ ಆಗೋಕೆ ದಶಕಗಳೇ ಬೇಕು, ಆದ್ರಿಂದ ಕ್ಯಾನ್ಸರ್ ಎಷ್ಟು ತಪ್ಪಿತು ಅಂತ ಆ ಟ್ರಯಲ್ ಹೇಳೋಕಾಗಲ್ಲ. ಕಾರಣವಾಗೋ ವೈರಸ್ಸನ್ನೇ ತಡೆದ್ರೆ ಅದರ ದಾರೀಲಿ ಬರೋ ಕ್ಯಾನ್ಸರೂ ಕಡಿಮೆಯಾಗಬೇಕು ಅನ್ನೋದು ತರ್ಕ.

ಮೂರು ವಿಷಯ ನೆನಪಿಡಿ. ಲೈಂಗಿಕ ಜೀವನ ಶುರುವಾಗೋ ಮೊದಲು ತಗೊಂಡ್ರೆ ಲಾಭ ಹೆಚ್ಚು. ಈಗಾಗ್ಲೇ ಬಂದಿರೋ ಸೋಂಕನ್ನ, ಕ್ಯಾನ್ಸರನ್ನ ಇದು ವಾಸಿ ಮಾಡಲ್ಲ. ವೈರಸ್ ಇಲ್ಲದ ಆ ಇನ್ನರ್ಧ ದಾರಿಗೆ ಲಸಿಕೆಯಿಂದ ಉಪಯೋಗ ಇಲ್ಲ. ಅದಕ್ಕೆ ಬೇಕಿರೋದು ದಿನಾ ಸ್ನಾನದಲ್ಲಿ ಮುಂದೊಗಲು ಸರಿಸಿ ನೀರಲ್ಲಿ ತೊಳೆಯೋದು, ಸರಿಯದಿದ್ರೆ ಬಲವಂತ ಮಾಡದೆ ಡಾಕ್ಟ್ರಿಗೆ ತೋರಿಸೋದು, ಗುಟ್ಕಾ ಸಿಗರೇಟ್ ಬಿಡೋದು.

———

ಭಾಗ 9/9 — ನನ್ನ ಅಭಿಪ್ರಾಯ, ನೇರವಾಗಿ

'ಹುಡುಗರಿಗೂ ಸರ್ಕಾರ ಫ್ರೀ ಲಸಿಕೆ ಕೊಡಬೇಕು' ಅಂತ ನಾನು ಇಲ್ಲಿ ಘೋಷಣೆ ಕೂಗ್ತೀನಿ ಅಂದ್ಕೊಂಡಿದ್ರೆ, ಇಲ್ಲ. 2020ರ ಅಂದಾಜಿನಲ್ಲಿ ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್‌ನ ಹೊಸ ಕೇಸು 1.2 ಲಕ್ಷಕ್ಕೂ ಹೆಚ್ಚು, ಸಾವು 77,000 ಆಸುಪಾಸು. ಶಿಶ್ನದ ಕ್ಯಾನ್ಸರ್‌ನ ಕೇಸು 10,000 ಚಿಲ್ಲರೆ. ಕೈಲಿರೋ ದುಡ್ಡು ಸೀಮಿತ ಆದಾಗ ಮೊದಲ ಡೋಸ್ ಹುಡುಗಿಗೆ ಹೋಗಬೇಕು. ಬಜೆಟ್ ಓದೋಕೆ ಬರೋ ಯಾರೂ ಇದನ್ನ ಅಲ್ಲಗಳೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದೇ, 9ರಿಂದ 14ರ ಹುಡುಗಿಯರು ಮೊದಲು.

ಅಷ್ಟೇ ಅಲ್ಲ, ಹುಡುಗಿಯರಿಗೆ ಹಾಕಿದ್ರೆ ನಮಗೂ ಲಾಭ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಹುಡುಗಿಯರಿಗೆ ಮಾತ್ರ ಶುರು ಮಾಡಿದಾಗ, ಲಸಿಕೆಯನ್ನೇ ಪಡೆಯದ ಯುವಕರಲ್ಲೂ ಜನನಾಂಗದ ನರಹುಲಿ ಇಳಿಯಿತು. ಎಕನಾಮಿಕ್ಸ್‌ನಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಓದ್ತೀವಲ್ಲ, ಅದು ಇದೇ. ಹಾಗಾಗಿ ನಿಮ್ಮ ತಂಗಿಗೆ ಲಸಿಕೆ ಹಾಕಿಸೋ ಮಾತು ಬಂದಾಗ ಮನೇಲಿ 'ಈಗ್ಲೇ ಯಾಕೆ' ಅಂದ್ರೆ ಅವಳ ಪರವಾಗಿ ಮಾತಾಡಬೇಕಾದವರು ನೀವು.

ನನ್ನ ತಕರಾರು ಇರೋದು ಸರ್ಕಾರದ ಸಾಲಿನ ಬಗ್ಗೆ ಅಲ್ಲ, 'ಹುಡುಗೀರ ಲಸಿಕೆ', 'ಹುಡುಗೀರ ಕಾಯಿಲೆ' ಅನ್ನೋ ಹಣೆಪಟ್ಟಿ ಬಗ್ಗೆ. ಆ ಹಣೆಪಟ್ಟಿ ಎರಡು ಅನ್ಯಾಯ ಮಾಡುತ್ತೆ. ವೈರಸ್ ಹರಡೋದ್ರಲ್ಲಿ ಗಂಡಿನ ಪಾಲನ್ನ ಮುಚ್ಚಿಟ್ಟು ಎಲ್ಲ ಭಾರ ಹೆಣ್ಣಿನ ತಲೆ ಮೇಲೆ ಹಾಕುತ್ತೆ. ಜೊತೆಗೆ, ಗಂಡಿಗೂ ಇದ್ರಿಂದ ಕ್ಯಾನ್ಸರ್ ಬರುತ್ತೆ ಅನ್ನೋ ಸತ್ಯವನ್ನ ಅವನಿಂದಲೇ ಮುಚ್ಚಿಡುತ್ತೆ. ಲಸಿಕೆಗೆ ಕೆಲವು ಸಾವಿರ ಖರ್ಚು ಮಾಡೋ ಶಕ್ತಿ ಇರೋ ಮನೆಗಳಿವೆ. ಮಗನ ಫೋನಿಗೆ ಇಪ್ಪತ್ತು ಸಾವಿರ ಕೊಡೋ ಅಪ್ಪನಿಗೆ ಇಂಥದ್ದೊಂದು ಇದೆ ಅಂತ ಗೊತ್ತಾದ್ರೂ ಸಾಕು, ತೀರ್ಮಾನ ಅವರು ಮಾಡ್ಕೊಳ್ತಾರೆ.

ಇನ್ನು ಕಾಯಿಲೆ ಬಂದವರ ವಿಷಯ. ಅವರ ರಿಪೋರ್ಟಲ್ಲಿ ಎಚ್‌ಪಿವಿ ಇರಲಿ ಬಿಡಲಿ, ಅದು ಡಾಕ್ಟ್ರು ಮತ್ತು ರೋಗಿಯ ನಡುವಿನ ಮಾಹಿತಿ. ನಮಗೆ ಅದ್ರಲ್ಲಿ ಪಂಚಾಯ್ತಿ ಕೆಲಸ ಇಲ್ಲ. ಯಾರಾದ್ರೂ ಪಂಚಾಯ್ತಿ ಶುರು ಮಾಡಿದ್ರೆ, ಅಲ್ಲೇ ತಡೆದು ಹೇಳಿ: ಈ ವೈರಸ್ ಮೂರರಲ್ಲಿ ಒಬ್ಬ ಗಂಡಸಿಗೆ ಇರುತ್ತೆ, ಇಲ್ಲಿ ಕೂತಿರೋ ನಾವೇ ಎಷ್ಟು ಜನ ಇದ್ದೀವಿ ಎಣಿಸ್ಕೊಳ್ಳಿ ಅಂತ. ಗುಂಪು ತಣ್ಣಗಾಗುತ್ತೆ.

ಈ ವಾರ ಮಾಡಬಹುದಾದ ಕೆಲಸ ಮೂರು. ಒಂದು, ಭಾಗ 7ನ್ನ ಮನೆಯ ಯಾವುದಾದ್ರೂ ಹಿರಿಯ ಗಂಡಸಿಗೆ ಫಾರ್ವರ್ಡ್ ಮಾಡಿ. ಮುಜುಗರ ಆದ್ರೆ 'ಕಾಲೇಜಲ್ಲಿ ಕೊಟ್ಟಿದ್ದು' ಅಂತ ಬರೀರಿ, ನನ್ನ ಹೆಸರೇನೂ ಬೇಡ. ಎರಡು, ಲಸಿಕೆ ಬಗ್ಗೆ ನಿಮ್ಮ ಡಾಕ್ಟ್ರನ್ನ ಕೇಳಿ, ಹುಡುಗ ಆದ್ರೂ ಕೇಳಿ. ಮೂರು, ಮುಂದಿನ ಸಲ ಗ್ರೂಪಲ್ಲಿ ಯಾರದ್ದಾದ್ರೂ ಕ್ರೀಮ್, ಗುಳ್ಳೆ, ತುರಿಕೆ ಬಗ್ಗೆ ಮೀಮ್ ಬಂದಾಗ ನಗೋ ಇಮೋಜಿ ಹಾಕದೆ, ಆ ಹುಡುಗನಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿ: 'ಡಾಕ್ಟ್ರಿಗೆ ತೋರಿಸಿದ್ಯಾ ಮಗಾ? ಒಬ್ಬನೇ ಹೋಗೋಕೆ ಬೇಜಾರಾದ್ರೆ ನಾನು ಬರ್ತೀನಿ.'

#ಎಚ್‌ಪಿವಿ #ಗಂಡಸರಆರೋಗ್ಯ #ನಾಚಿಕೆಬೇಡ #ಕನ್ನಡದಲ್ಲಿಆರೋಗ್ಯ